ಆರನೆಯ ಹುಣಸೆ ಬೀಜ

ನಮ್ಮ ಅತ್ತೆ ನಾಗವ್ವ ಚಿಗರಿ ಮಾಂಸ ಕೊಚ್ಚುವ ದಿನ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಕೂಸು ಅತ್ತರೆ ಎತ್ತಿಕೊಂಡು ಅಂಗಳಕ್ಕೆ ಹೋಗಬೇಕು. ಕೊಡಕ್ಕೆ ತಂಬಿಗೆ ತಾಕಬಾರದು. ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ, ಇದು ಬೇಟೆಯ ದೇವರಿಗೆ ಸಂಬಂಧಿಸಿದ ಏನೋ ಮಡಿ ಇರಬೇಕೆಂದು ತಿಳಿದು, ಒಂದು ದಿನ ಹೆದರುತ್ತಲೇ ಕೇಳಿದೆ.

"ಮಡಿನೂ ಇಲ್ಲ, ಗಿಡಿನೂ ಇಲ್ಲ" ಅಂದರು ಅತ್ತೆ. "ಛರ್ರಾ ಹುಡುಕಬೇಕು. ಬಾಯಿ ಮುಚ್ಕೊಂಡು ಕುಂದ್ರು."

ಚಳಿಗಾಲದಲ್ಲಿ ದಂಡಿನ ಕ್ಯಾಂಪಿನ ಸಾಹೇಬರು ಮೋಟಾರು ಹತ್ತಿ ರಾಂಜಣಗಾಂವದ ಕಡೆಯ ಬಯಲಿಗೆ ಶಿಕಾರಿಗೆ ಹೋಗುತ್ತಾರೆ. ನಮ್ಮ ಮನೆಯವರು ಅಂಥ ಒಬ್ಬ ಸಾಹೇಬರ ಬಂಗಲೆಯಲ್ಲಿ ಜವಾನರು. ಹೊಡೆದು ತಂದ ಚಿಗರಿಯ ತೊಡೆ ಮತ್ತು ಬೆನ್ನಿನ ಮಾಂಸ ಸಾಹೇಬರ ಮೇಜಿಗೆ ಹೋಗುತ್ತದೆ. ಕುತ್ತಿಗೆ, ಹೆಗಲು, ಪಕ್ಕೆಯ ಚೂರುಗಳು ಆಳುಗಳ ಮನೆಗೆ. ಗುಂಡು ತಾಗುವುದೂ ಅಲ್ಲಿಗೇ. ಸಾಹೇಬರ ಬಂದೂಕಿನ ತೋಟಾದೊಳಗೆ ಮೆಣಸಿನ ಕಾಳಿನಷ್ಟು ದಪ್ಪದ ಸೀಸದ ಕಾಳುಗಳಿರುತ್ತವೆ. ಅದಕ್ಕೇ ಇಲ್ಲಿ ಛರ್ರಾ ಅನ್ನುವುದು.

ಮಾಂಸ ಬಂದ ಕೂಡಲೇ ಅತ್ತೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಛರ್ರಾ ಹೊಕ್ಕ ತೂತುಗಳನ್ನು ಬೆರಳಿನಿಂದ ಹುಡುಕುವರು. ಒಂದು ತೂತಿಗೆ ಒಂದು ಹುಣಸೆ ಬೀಜ ಚಾಪೆಯ ಅಂಚಿನಲ್ಲಿ ಕೂರುತ್ತಿತ್ತು. ಆಚೆ ಬದಿಗೆ ಹಾಯ್ದುಹೋದ ಗುರುತು ಸಿಕ್ಕರೆ ಒಂದು ಬೀಜ ಏಳುತ್ತಿತ್ತು. ಕೊನೆಗೆ ಎಷ್ಟು ಬೀಜ ಉಳಿದವೋ ಅಷ್ಟು ಸೀಸ ಒಳಗಿದೆ ಎಂದು ಲೆಕ್ಕ. ಆಮೇಲೆ ಹುಣಸೆಯ ಕೊರಡಿನ ಮೇಲೆ ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಕೊಚ್ಚುವರು. ಕೊಚ್ಚಿದ ಕೀಮಾವನ್ನು ಚಿಟಿಕೆ ಚಿಟಿಕೆಯಾಗಿ ಒಂದು ಗೇಣು ಎತ್ತರದಿಂದ ಕಂಚಿನ ತಾಟಿಗೆ ಬೀಳಿಸುವರು. ಬರೀ ಮಾಂಸ ಬಿದ್ದರೆ ಸಪ್ಪಳವಿಲ್ಲ. ಸೀಸ ಬಿದ್ದರೆ 'ಟಣ್' ಅನ್ನುತ್ತದೆ. ಆಗ ಅದನ್ನು ಹೆಕ್ಕಿ ಬಟ್ಟಲಿಗೆ ಹಾಕಿ, ಒಂದು ಬೀಜ ಎತ್ತಿಡುವರು. ಬೀಜ ಮುಗಿಯುವ ತನಕ ಒಲೆ ಹೊತ್ತಿಸುವಂತಿಲ್ಲ.

ಈ ಕ್ರಮ ಅವರಿಗೆ ಯಾರೂ ಕಲಿಸಿದ್ದಲ್ಲ. ಪ್ಲೇಗು ಇಳಿದ ಮರುವರ್ಷ ಬಾಗಲಕೋಟೆಯ ಕಡೆಯಿಂದ ಗಂಡನ ಜೊತೆ ಪುಣೆಗೆ ಬಂದಾಗ ಅವರಿಗೆ ಹದಿನೈದು ವಯಸ್ಸು. ಮಾವನವರಿಗೆ ಕುದುರೆ ಲಾಯದಲ್ಲಿ ಕೆಲಸ. ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಒಂದು ಭಾನುವಾರ ಚಿಗರಿ ಸಾರು ಉಣ್ಣುತ್ತಿರುವಾಗ ಮಾವನವರ ದವಡೆ ಹಲ್ಲಿಗೆ ಛರ್ರಾ ಸಿಕ್ಕಿ ಹಲ್ಲು ಸೀಳಿತಂತೆ. ಅವರು ಅದನ್ನು ಉಗುಳಿ, "ಸಾಹೇಬ ಚಿಗರಿಗೆ ಹೊಡದ, ನನಗೂ ಬಿತ್ತು ನೋಡು" ಎಂದು ನಕ್ಕರಂತೆ. ನಾಲ್ಕನೆಯ ದಿನಕ್ಕೆ ದವಡೆ ಬಾತಿತು. ಹನ್ನೊಂದನೆಯ ದಿನ, ನೀರು ಬಿಡಲೂ ಬಾಯಿ ತೆರೆಯಲಾಗದೆ ತೀರಿಕೊಂಡರು. ನಮ್ಮ ಮನೆಯವರಿಗೆ ಆಗ ನಾಲ್ಕು ವರ್ಷ.

ಅತ್ತೆ ಬಂಗಲೆಯೊಂದರ ಅಡಿಗೆಮನೆಯ ಹಿಂದೆ ಕೂತು ಮಸಾಲೆ ಅರೆಯುತ್ತ ಮಗನನ್ನು ಸಾಕಿದರು. ಆದರೆ ಚಿಗರಿ ಮಾಂಸ ಬಿಡಲಿಲ್ಲ. "ಪುಕ್ಕಟೆ ಬರೋ ಮಾಂಸ ಬ್ಯಾಡ ಅಂದಿದ್ರ ನಮ್ಮ ಗೂಳ್ಯಾ ಇಷ್ಟೆತ್ತರ ಆಗ್ತಿದ್ದಿಲ್ಲ" ಎಂದು ಮಗನನ್ನು ತೋರಿಸಿ ಅನ್ನುತ್ತಿದ್ದರು. ಬಿಡುವ ಬದಲು ತಾಟು ಹಿಡಿದರು. ಇಪ್ಪತ್ತೈದು ವರ್ಷ ಅವರ ಕೈಯಡಿಗೆಯಲ್ಲಿ ಯಾರ ಹಲ್ಲಿಗೂ ಒಂದು ಹರಳು ಸಿಕ್ಕಿರಲಿಲ್ಲ.

ಅವರ ಕೀಮಾದ ಕೈ ಎಂಥದೆಂದು ನಾನು ಹೇಳಲೇಬೇಕು. ಚಿಗರಿ ಓಡುವ ಪ್ರಾಣಿ, ಮೈಯಲ್ಲಿ ಕೊಬ್ಬಿಲ್ಲ. ಹಾಗೇ ಬೇಯಿಸಿದರೆ ನಾರು. ಅತ್ತೆ ಅದಕ್ಕೆ ಒಂದು ಹಿಡಿ ಕುರಿಯ ಕೊಬ್ಬು ಸೇರಿಸಿ ಕೊಚ್ಚುವರು. ಮೊದಲ ದಿನ ಪುಟಾಣಿ ಹಿಟ್ಟು, ಉಳ್ಳಾಗಡ್ಡಿ, ಕೊಬ್ಬರಿ ಕಲಸಿ ಉಂಡೆ ಕಟ್ಟಿ, ಕುದಿಯುವ ಸಾರಿಗೆ ಬಿಡುವರು. ಅದೇ ದಿನ ಸಂಜೆಗೆ ಮೆಂತ್ಯ ಸೊಪ್ಪಿನ ಜೊತೆ ಪಲ್ಯ. ಉಳಿದದ್ದನ್ನು ಉಪ್ಪು, ಅರಿಸಿನ, ಕೆಂಪು ಖಾರ ಹಾಕಿ ಕುಸುಬೆ ಎಣ್ಣೆಯಲ್ಲಿ ಹಸಿ ಆರುವ ತನಕ ಹುರಿದು ಮಣ್ಣಿನ ಗಡಿಗೆಗೆ ತುಂಬುವರು. ಅದು ಮರುದಿನ ಕಡುಬಿನ ಹೂರಣವಾಗುತ್ತಿತ್ತು, ಮೂರನೆಯ ದಿನ ಬಟಾಟೆಯ ಜೊತೆ ಸೇರುತ್ತಿತ್ತು, ನಾಲ್ಕನೆಯ ದಿನ ಬಿಸಿ ರೊಟ್ಟಿಯೊಳಗೆ ಸುತ್ತಿ ನಮ್ಮ ಮನೆಯವರ ಬುತ್ತಿಗೆ ಹೋಗುತ್ತಿತ್ತು. ಕೂಸಿಗೆ ಉಂಡೆಯೊಂದನ್ನು ಹಿಸುಕಿ ಮೆತ್ತಗಿನ ಅನ್ನದಲ್ಲಿ ಕಲಸಿ ಕೊಡುವುದು. ಹಲ್ಲು ಬರದ ಕೂಸೂ ಹಲ್ಲು ಬಿದ್ದ ಮುದುಕರೂ ತಿನ್ನಬಹುದಾದ ಮಾಂಸ ಅದೊಂದೇ ಎಂದು ಅವರ ಹೆಮ್ಮೆ.

ಮೂರು ವರ್ಷದ ಹಿಂದೆ, ಸಂಕ್ರಾಂತಿಗೆ ವಾರವಿರುವಾಗ, ಒಂದು ಭಾನುವಾರ ಬೆಳಿಗ್ಗೆ ಮನೆಯವರು ಒಂದು ಹೆಗಲು ಮತ್ತು ಅರ್ಧ ಕುತ್ತಿಗೆಯನ್ನು ಗೋಣಿಯಲ್ಲಿ ಸುತ್ತಿ ತಂದರು. ನಮ್ಮ ಮಗಳು ಇಂದೂಗೆ ಆಗ ಒಂದೂವರೆ ವರ್ಷ. ಅತ್ತೆ ಹುಡುಕಿದರು. ಆರು ತೂತು, ಹಾಯ್ದುಹೋದದ್ದು ಒಂದೂ ಇಲ್ಲ. ಚಾಪೆಯ ಅಂಚಿನಲ್ಲಿ ಆರು ಬೀಜ.

ಅವರು ತಾಟಿಗೆ ಕೀಮಾ ಬೀಳಿಸಲು ಕೂತ ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ವಸಂತಿ ಬಂದಳು. ಉಡುಪಿಯ ಕಡೆಯವಳು. ಗಂಡ ಸದಾನಂದ ಕ್ಯಾಂಪಿನ ತಿರುವಿನಲ್ಲಿ ಚಹಾದ ಹೋಟೆಲು ಇಟ್ಟಿದ್ದಾನೆ. ನಮ್ಮ ಹಿತ್ತಾಳೆ ಬಟ್ಟಲು ತಿರುಗಿ ಕೊಡಲು ಬಂದವಳು ಹೊಸ್ತಿಲಲ್ಲೇ ನಿಂತು ಶುರು ಮಾಡಿದಳು.

"ನಮ್ಮ ಹೋಟೆಲಿನ ಭಟ್ಟ ಓಡಿಹೋದ ಮಾರಾಯ್ತಿ! ರಾತ್ರಿ ಇಡ್ಲಿಗೆ ನೆನೆ ಹಾಕಿದವನು ಬೆಳಿಗ್ಗೆ ಇಲ್ಲ. ನಮ್ಮವರು ಈಗ ಪಂಚೆ ಕಟ್ಟಿ ತಾವೇ ರುಬ್ಬುತ್ತಾ ಇದ್ದಾರೆ. ಆ ಹಿಟ್ಟು ನೋಡಿದರೆ ಗೋಡೆಗೆ ಬಳಿಯಬಹುದು, ಅಷ್ಟು ಚಂದ ಉಂಟು."

ನಾನು ಗಾಬರಿಯಾಗಿ ಕಣ್ಣಲ್ಲೇ ಸುಮ್ಮನಿರು ಎಂದೆ. ಅತ್ತೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಹಿಂದೆಲ್ಲ ಆಗಿದ್ದರೆ ಕತ್ತಿ ಹಿಡಿದೇ ತಿರುಗುತ್ತಿದ್ದರು. ಅಂದು ತಿರುಗಲಿಲ್ಲ.

"ನಿಮ್ಮ ಅತ್ತೆ ಎಷ್ಟು ಒಳ್ಳೆಯವರು ನೋಡು" ಅಂದಳು ವಸಂತಿ. "ನಾನು ಎಷ್ಟು ಒದರಿದರೂ ಬೇಡ ಅನ್ನುವುದಿಲ್ಲ. ನನ್ನ ಅತ್ತೆ ಆಗಿದ್ದರೆ ಇಷ್ಟು ಹೊತ್ತಿಗೆ ಸೌಟು ಹಾರುತ್ತಿತ್ತು."

ವಯಸ್ಸಾದ ಹಾಗೆ ಮೆತ್ತಗಾಗುತ್ತಿದ್ದಾರೆ ಎಂದು ನಾನು ನಕ್ಕೆ. ಅದೇ ಹೊತ್ತಿಗೆ 'ಟಣ್' ಎಂದಿತು. ವಸಂತಿ ಬಟ್ಟಲನ್ನು ಹೊಸ್ತಿಲ ಮೇಲಿಟ್ಟಳು ಅಂದುಕೊಂಡೆ. ಅವಳು ಹೋದ ಮೇಲೆ ನೋಡಿದರೆ ಬಟ್ಟಲು ಇದ್ದದ್ದು ನನ್ನದೇ ಕೈಯಲ್ಲಿ. ಯಾವಾಗ ತೆಗೆದುಕೊಂಡೆನೋ ನೆನಪಿರಲಿಲ್ಲ. ಅದನ್ನು ಅಲ್ಲಿಗೇ ಮರೆತೆ.

ಅತ್ತೆ ಅಂದು ಕೀಮಾವನ್ನೆಲ್ಲ ಎರಡನೆಯ ಸಲ ತಾಟಿಗೆ ಬೀಳಿಸಿದರು. ಹಾಗೆ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅಷ್ಟರಲ್ಲಿ ಇಂದೂ ಎದ್ದು ಅತ್ತಳು. ಅವಳಿಗೆ ನೀರು ಹಾಕಿ ಬರುವಷ್ಟರಲ್ಲಿ ಅತ್ತೆ ಒಲೆ ಹೊತ್ತಿಸಿದ್ದರು. "ಆತು" ಅಂದರು. ಅಷ್ಟೇ.

ಹನ್ನೆರಡು ಗಂಟೆಗೆ ಇಂದೂಗೆ ಒಂದು ಉಂಡೆ ಹಿಸುಕಿ ಅನ್ನದಲ್ಲಿ ಕಲಸಿ ಉಣಿಸಿದೆ. ಎರಡು ತುತ್ತಿಗೊಮ್ಮೆ ಚಪ್ಪಾಳೆ ತಟ್ಟುತ್ತ ಪೂರ್ತಿ ತಿಂದಳು. ಆಮೇಲೆ ಮನೆಯವರಿಗೆ ಊಟದ ತಾಟು ಹಚ್ಚಿ, ಕೊಚ್ಚಿದ ಜಾಗ ಗುಡಿಸೋಣವೆಂದು ಚಾಪೆ ಎತ್ತಿದೆ. ಕೆಳಗೆ ಒಂದು ಹುಣಸೆ ಬೀಜ ಇತ್ತು.

ಅಂಚಿನಿಂದ ಸರಿದು ಒಳಗೆ ಹೋಗಿರಬೇಕು ಎಂದು ಮನಸ್ಸು ಮೊದಲು ಹೇಳಿತು. ಛರ್ರಾ ಹಾಕುವ ಬಟ್ಟಲು ನೋಡಿದೆ. ಐದು. ಅಲುಗಾಡಿಸಿ ಮತ್ತೆ ಎಣಿಸಿದೆ. ಐದೇ. ಅತ್ತೆ ಒಲೆಯ ಕಡೆ ಮುಖ ಮಾಡಿ ರೊಟ್ಟಿ ತಟ್ಟುತ್ತಿದ್ದರು.

"ಅತ್ತಿ, ಛರ್ರಾ ಎಷ್ಟು ಸಿಕ್ಕಾವ್ರಿ?"

ಅವರು ಹಿಟ್ಟಿನ ಇನ್ನೊಂದು ಮುದ್ದೆ ಮುರಿದುಕೊಂಡರು.

"ಅತ್ತೀ!"

ರೊಟ್ಟಿ ತಿರುಗಿತು. ಅವರು ತಿರುಗಲಿಲ್ಲ. ನಾನು ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. ಮನೆಯವರು ಬೆಚ್ಚಿ ತಲೆ ಎತ್ತಿದರು. ಅತ್ತೆಯ ಬೆನ್ನು ಒಂದಿಷ್ಟೂ ಅಲುಗಲಿಲ್ಲ. ಬೆಳಿಗ್ಗೆ ಕೇಳಿದ ಆ 'ಟಣ್' ಯಾವುದೆಂದು ಆಗ ತಿಳಿಯಿತು. ಅದು ತಾಟಿನ ಮೇಲೆ ಬಿದ್ದಿತ್ತು. ನಾನು ಕೇಳಿದ್ದೆ. ಅವರಿಗೆ ಕೇಳಿರಲಿಲ್ಲ.

"ಉಣಬ್ಯಾಡ್ರಿ!" ಎಂದು ಕಿರುಚಿದೆ. ಮೊದಲ ತುತ್ತು ಹಿಡಿದ ಮನೆಯವರ ಕೈ ಬಾಯಿಯ ಹತ್ತಿರ ನಿಂತಿತು.

"ಏನಾತ? ಹಲ್ಲಿ ಬಿತ್ತೇನ?"

ನಾನು ಅತ್ತೆಯ ಮುಂದೆ ಹೋಗಿ ಅಂಗೈ ತೆರೆದೆ. ಅವರು ಬೀಜ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ಇಂದೂ ಕೂತಿದ್ದ ಕಡೆ ನೋಡಿದರು, ಖಾಲಿಯಾದ ಅವಳ ಬಟ್ಟಲು ನೋಡಿದರು. ಕೈಯಲ್ಲಿದ್ದ ಹಿಟ್ಟು ಹಾಗೇ ಕೆಳಗೆ ಬಿತ್ತು.

ಆ ಹೊತ್ತಿಗೇ ಇಂದೂ ಕೆಮ್ಮಿದಳು.

ಅವಳು ಅದಕ್ಕೆ ಮುಂಚೆಯೂ ಸಾವಿರ ಸಲ ಕೆಮ್ಮಿದ್ದಾಳೆ. ಆದರೆ ಆ ಕೆಮ್ಮು ನನಗೆ ಈಗಲೂ ಕೇಳಿಸುತ್ತದೆ. ಎತ್ತಿ ಬೋರಲು ಹಾಕಿ ಬೆನ್ನು ತಟ್ಟಿದೆ. ಬಾಯಿಗೆ ಬೆರಳು ಹಾಕಿ ನೋಡಿದೆ. ಅನ್ನದ ಅಗುಳು ಬಂತು, ಜೊಲ್ಲು ಬಂತು, ಮತ್ತೇನೂ ಇಲ್ಲ. ಕೂಸು ಹೆದರಿ ಅತ್ತಿತು. ಅಳುವುದು ಕೇಳಿ, ಉಸಿರು ಇದೆಯಲ್ಲ ಎಂದು ನನಗೆ ಸಮಾಧಾನ. ಅಳು ನಿಂತರೆ ಮತ್ತೆ ಹೆದರಿಕೆ.

ಅತ್ತೆ ಅಷ್ಟರಲ್ಲಿ ಕಂಚಿನ ತಾಟು ತಂದು ನನ್ನ ಎದುರಿಗೆ ಇಟ್ಟಿದ್ದರು. ಸಾರಿನ ಪಾತ್ರೆ, ಪಲ್ಯದ ಬೋಗುಣಿ, ಹುರಿದ ಕೀಮಾದ ಗಡಿಗೆ, ಎಲ್ಲವನ್ನೂ ಸುತ್ತ ಇಟ್ಟರು.

"ನೀ ಕೇಳು ತಂಗಿ" ಅಂದರು. "ನಾ ಬೀಳಸ್ತೇನಿ. ನಂಗ ಕೇಳಂಗಿಲ್ಲ."

ಮನೆಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕೇಳಂಗಿಲ್ಲ ಅಂದ್ರ? ಯಾವಾಗಿಂದ?" ಎಂದು ಕೂಗಿದರು. ಅತ್ತೆ ಮಗನ ತುಟಿ ನೋಡಿ, ಎರಡು ಬೆರಳು ಎತ್ತಿದರು. ಎರಡು ವರ್ಷ.

ಕೂಸನ್ನು ಮನೆಯವರ ತೊಡೆಗೆ ಕೊಟ್ಟು ನಾನು ಕಿವಿಯಾಗಿ ಕೂತೆ. ಅತ್ತೆ ಒಂದೊಂದು ಉಂಡೆಯನ್ನೂ ಒಡೆದು ಪುಡಿಮಾಡಿ ಬೀಳಿಸಿದರು. ಮೊದಲು ಉಂಡೆ, ಆಮೇಲೆ ಪಲ್ಯ. ನನಗೆ ನನ್ನ ಎದೆಯದೇ ಸಪ್ಪಳ. ಟಣ್ ಅನ್ನಲಿ ದೇವರೇ, ಇಲ್ಲಿಯೇ ಅನ್ನಲಿ ಎಂದು ಬೇಡಿಕೊಂಡೆ. ಮನೆಯವರ ತಾಟಿನದೂ ಸೇರಿ ಇಪ್ಪತ್ತು ಉಂಡೆ ಮುಗಿದವು. ಎರಡು ವಸಂತಿಯ ಮನೆಗೆ ಹೋಗಿದ್ದವು. ಕೂಗಿದ ಕೂಡಲೇ ಅವಳು ಬಟ್ಟಲು ಹಿಡಿದು ಓಡಿಬಂದಳು.

"ನಾವು ಇನ್ನೂ ಬಾಯಿಗೆ ಇಟ್ಟಿಲ್ಲ, ದೇವರಾಣೆ. ಇವರು ರುಬ್ಬಿದ ಹಿಟ್ಟಿನ ಇಡ್ಲಿ ಬೇಯಲೇ ಇಲ್ಲ. ಅದಕ್ಕೇ ಊಟ ತಡ."

ಆ ಎರಡರಲ್ಲೂ ಇರಲಿಲ್ಲ. ಕೊನೆಗೆ ಗಡಿಗೆ. ತಳದ ಕೊನೆಯ ಚಿಟಿಕೆಯೂ ಸದ್ದಿಲ್ಲದೆ ತಾಟಿಗೆ ಬಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ.

ಉಳಿದದ್ದು ಇಂದೂ ತಿಂದ ಉಂಡೆ ಮಾತ್ರ. ನನ್ನ ಕೈಯಿಂದಲೇ ಹಿಸುಕಿ ಕೊಟ್ಟದ್ದು.

ಬೀದಿಯ ಕೊನೆಯಲ್ಲಿ ಒಬ್ಬ ಪಾರ್ಸಿ ಡಾಕ್ಟರು ಇದ್ದರು, ಮುದುಕರು. ಭಾನುವಾರವೆಂದು ಮಲಗಿದ್ದವರನ್ನು ಎಬ್ಬಿಸಿದೆವು. ಅವರು ಇಂದೂಳ ಎದೆಗೂ ಬೆನ್ನಿಗೂ ನಳಿಗೆ ಇಟ್ಟು ತುಂಬ ಹೊತ್ತು ಕೇಳಿದರು. ಉಸಿರು ಚೊಕ್ಕ ಇದೆ, ಒಳಗೆ ಹೋಗಿದ್ದರೆ ಹೊಟ್ಟೆಗೆ ಹೋಗಿರಬೇಕು, ನಾಲ್ಕು ದಿನ ಕಾಯಿರಿ, ಅನ್ನ ಬಾಳೆಹಣ್ಣು ಕೊಡಿ ಎಂದು ಮರಾಠಿಯಲ್ಲಿ ಹೇಳಿದರು. ಹೇಲನ್ನು ಪ್ರತಿ ಸಲ ನೀರಲ್ಲಿ ಕದಡಿ ನೋಡಬೇಕು. ಉಸಿರಲ್ಲಿ ಸೀಟಿ ಕೇಳಿದರೆ ಅಥವಾ ಹೊಟ್ಟೆ ಉಬ್ಬಿದರೆ ಯಾವ ಹೊತ್ತಾದರೂ ಬರಬೇಕು. "ಆ ಛರ್ರಾ ಮಾಂಸದಲ್ಲಿ ಇರಲೇ ಇಲ್ಲವೋ ಏನೋ" ಎಂದೂ ಅಂದರು. ಆದರೆ ನಾನು ಅದರ ಸದ್ದು ಕೇಳಿದ್ದೆನಲ್ಲ.

ನಾನು ರಾತ್ರಿ ಬರೆದಿಡುವ ದಿನಚರಿಯಲ್ಲಿ ಅಂದು ಇರುವುದು ಇಷ್ಟೇ: "ಮಧ್ಯಾಹ್ನ ಬಾಳೆಹಣ್ಣು ಅರ್ಧ. ಹಾಲು ಕುಡಿದಳು. ಉಸಿರು ಸರಿ." ಮರುದಿನ: "ಎರಡು ಸಲ. ಏನೂ ಇಲ್ಲ. ಉಸಿರು ಸರಿ." ಅದರ ಮರುದಿನ: "ಆಗಲೇ ಇಲ್ಲ. ಹೊಟ್ಟೆ ಗಟ್ಟಿ ಅನಿಸುತ್ತದೆ. ನನ್ನ ಭ್ರಮೆಯೋ ಗೊತ್ತಿಲ್ಲ."

ಮನೆಯವರು ತಾಯಿಯ ಜೊತೆ ಮಾತು ಬಿಟ್ಟರು. ಮಾತು ಬಿಟ್ಟದ್ದು ಅತ್ತೆಗೆ ತಿಳಿಯಿತೋ ಇಲ್ಲವೋ ಎಂದು ನನಗೆ ಅನುಮಾನ. ಅವರಿಗೆ ಎಲ್ಲವೂ ಮಾತು ಬಿಟ್ಟಿತ್ತಲ್ಲ. ಅವರು ಇಂದೂಳ ಹತ್ತಿರ ಬರದೆ, ಮೂರು ಮಾರು ದೂರದಲ್ಲಿ ಗೋಡೆಗೆ ಒರಗಿ, ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂರುತ್ತಿದ್ದರು. ಉಸಿರಿನ ಸೀಟಿ ಅವರಿಗೆ ಕೇಳುವಂತಿರಲಿಲ್ಲ. ಅದಕ್ಕೇ ಕಣ್ಣು ಮಿಟುಕಿಸುತ್ತಿರಲಿಲ್ಲ.

ಎರಡನೆಯ ದಿನ ಸಂಜೆ ನಾನು ಅವರ ಎದುರಿಗೆ ಕೂತು, ತುಟಿ ಕಾಣುವಂತೆ ನಿಧಾನ ಕೇಳಿದೆ. "ಯಾಕ ಹೇಳಲಿಲ್ರಿ ಅತ್ತಿ?"

"ಏನಂತ ಹೇಳ್ಲಿ? ಮೊದಲ ಗುಬ್ಬಿ ಸಪ್ಪಳ ಹೋತು. ಆಮ್ಯಾಲ ನಿನ್ನ ಗಾಜಿನ ಬಳಿ ಸಪ್ಪಳ. ತಾಟಿನ ಸಪ್ಪಳ ಇರ್ತದ ಅಂತ ತಿಳದೆ. ಅದೂ ಒಂದ ದಿನ ಹೋತು. ಬೆರಳಿಗೆ ಸಿಗ್ತಾವಲ್ಲ ಅಂತ ಧೈರ್ಯ. ಇಷ್ಟ ದಿನ ಎಲ್ಲಾ ಬೆರಳಿಗೇ ಸಿಕ್ಕಾವ."

"ಆ ಬೀಜ?"

ಅವರು ಸೆರಗಿನ ಗಂಟು ಮುಟ್ಟಿಕೊಂಡರು. "ಎರಡ ಸಲ ನೋಡಿದೆ. ಸಿಗಲಿಲ್ಲ. ತೂತು ಎಣಸೋದ ತಪ್ಪೇತಿ ಅಂದ್ಕೊಂಡೆ. ನಿಮಗ ಹೇಳಿದ್ರ ನನ್ನ ಕುಂದ್ರೋ ಮಣಿ ಬಿಟ್ಟ ಏಳಸ್ತಿದ್ರಿ, ಮೂಲ್ಯಾಗ ಕುಂದ್ರಸ್ತಿದ್ರಿ. ಬೀಜ ಮುಚ್ಚಿಟ್ಟೆ." ಆಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡು, "ಗಂಡನ್ನ ತಿಂದದ್ದು ಸಾಲಲಿಲ್ಲ ಆ ಛರ್ರಾಕ್ಕ" ಅಂದರು.

ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಈಗ ಸುಳ್ಳು ಬರೆದು ಪ್ರಯೋಜನವಿಲ್ಲ, ಬಹಳ ಸಿಟ್ಟು ಬಂದಿತ್ತು. ಆದರೆ ಕಿವಿ ಸರಿ ಇದ್ದ ನಾನೇ ಆ ದಿನ ನಗುತ್ತ ನಿಂತಿದ್ದೆನಲ್ಲ. ಅದನ್ನು ಅವರಿಗೆ ಹೇಳಿದೆ. ಅವರಿಗೆ ಎಷ್ಟು ತಿಳಿಯಿತೋ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಹಾಗೇ ಕೂತರು. ಇಂದೂ ಉಳಿದರೆ ರಾಂಜಣಗಾಂವದ ಗಣಪತಿಗೆ ನಡೆದುಕೊಂಡೇ ಹೋಗಿಬರುತ್ತೇನೆಂದು ಅವರು ಹರಕೆ ಹೊತ್ತದ್ದು ಆ ಸಂಜೆಯೇ.

ನಾಲ್ಕನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಇಂದೂಗೆ ಹೊರಕಡೆ ಆಯಿತು. ಹಿತ್ತಿಲಲ್ಲಿ ತಗಡಿನ ಬೋಗುಣಿಯಲ್ಲಿ ನೀರು ಹೊಯ್ದು ಕಡ್ಡಿಯಿಂದ ಕದಡಿದೆ. ತಿಳಿನೀರು ಚೆಲ್ಲಿದೆ. ಮತ್ತೆ ನೀರು, ಮತ್ತೆ ಕದಡಿದೆ. ಮೂರನೆಯ ಸಲ ಬಗ್ಗಿಸಿದಾಗ ತಳದಲ್ಲಿ ಏನೋ ಉರುಳಿ ಅಂಚಿಗೆ ಬಡಿಯಿತು. ಟಣ್.

ನಾನು ತಲೆ ಎತ್ತಿದೆ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿಯೇ ಅವರು ಬಾಗಿಲ ಚೌಕಟ್ಟು ಹಿಡಿದು ಜಾರಿ ಕೂತರು. ಆಮೇಲೆ ಎದ್ದು ಬಂದು, ತೊಳೆದ ಛರ್ರಾವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಒಳಗೆ ಹೋದರು. ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಆ ಹುಣಸೆ ಬೀಜವನ್ನು ಬಿಚ್ಚಿ ಒಲೆಗೆ ಹಾಕಿದರು. ಅದು ಬಿರಿದು ಸಿಡಿಯುವ ತನಕ ಅಲ್ಲೇ ನಿಂತರು. ಮನೆಯವರು ಬಂದು ತಾಯಿಯ ಮುಂದೆ ಒಂದು ತಂಬಿಗೆ ನೀರಿಟ್ಟರು. ಮೂರು ದಿನದಿಂದ ಅತ್ತೆ ಏನನ್ನೂ ಮುಟ್ಟಿರಲಿಲ್ಲ.

ಹರಕೆಗೆ ಅತ್ತೆ ನಡೆದೇ ಹೋದರು. ಬಂದ ಮೇಲೆ ಒಂದು ವಾರ ಕಾಲಿಗೆ ಎಣ್ಣೆ ತಿಕ್ಕಿದ್ದು ನಾನು.

ಇನ್ನು ಚಿಗರಿ ಮಾಂಸ ಈ ಮನೆಗೆ ಬರುವುದಿಲ್ಲವೆಂದು ನಾನು ತಿಳಿದಿದ್ದೆ. ಮಾಘ ಮುಗಿಯುವ ಮೊದಲೇ ಬಂತು. ಜವಾನನ ಮನೆಯಲ್ಲಿ ಪುಕ್ಕಟೆ ಮಾಂಸಕ್ಕೆ ಬೇಡ ಅನ್ನುವುದು ಸುಲಭವಲ್ಲ. ಅತ್ತೆ ಕೊರಡಿನ ಮುಂದೆ ಕೂತು, ಎದುರಿಗೆ ಇನ್ನೊಂದು ಮಣೆ ಹಾಕಿ ನನ್ನನ್ನು ಕರೆದರು. ಅಂದಿನಿಂದ ಕ್ರಮ ಹೀಗೆ: ಅವರು ಬಲಗೈಯಿಂದ ಬೀಳಿಸುತ್ತಾರೆ, ಎಡಗೈಯ ಬೆರಳುಗಳನ್ನು ತಾಟಿನ ಅಂಚಿಗೆ ತಾಗಿಸಿಟ್ಟುಕೊಂಡಿರುತ್ತಾರೆ. ಸೀಸ ಬಿದ್ದರೆ ಕಂಚು ಬೆರಳಿಗೆ ಸಣ್ಣಗೆ ನಡುಗುತ್ತದಂತೆ. ನಾನು ಕೇಳುತ್ತೇನೆ. ಇಬ್ಬರೂ ತಲೆ ಆಡಿಸಿದರೆ ಮಾತ್ರ ಬೀಜ ಏಳುತ್ತದೆ. ವಸಂತಿ ಬಾಗಿಲಿಗೆ ಬಂದರೆ ಸೌಟು ಎತ್ತುವುದು ಈಗ ನಾನು.

ಇಂದೂಗೆ ಈಗ ನಾಲ್ಕೂವರೆ ವರ್ಷ. ಹುಣಸೆ ಬೀಜ ಹೊರಗೆ ಬಂದರೆ ತಾನೇ ಆಮೇಲೆ ಹುಟ್ಟಿದ ತಮ್ಮನ ಬಾಯಿಗೆ ಕೈ ಅಡ್ಡ ಇಟ್ಟು, "ಸುಮ್ಕಿರು" ಅನ್ನುತ್ತಾಳೆ. ಅವಳಿಗೆ ಏನೂ ನೆನಪಿಲ್ಲ. ನಾನು ಮಾತ್ರ ಬರೀ ಬೇಳೆಸಾರು ಉಣ್ಣುವಾಗಲೂ ಪ್ರತಿ ತುತ್ತನ್ನು ನಾಲಿಗೆಯಿಂದ ಒತ್ತಿ ನೋಡಿಯೇ ಕಡಿಯುತ್ತೇನೆ.

ಕಳೆದ ಭಾನುವಾರ ನಾಲ್ಕು ಬೀಜ ಇದ್ದವು. ಮೂರು ಬೇಗ ಎದ್ದವು. ಆಮೇಲೆ ಕೀಮಾ ಅರ್ಧವಾಯಿತು, ಕಾಲು ಭಾಗವಾಯಿತು, ತಾಟು ಸದ್ದು ಮಾಡಲಿಲ್ಲ. ಕೊರಡಿನ ಮೇಲೆ ಇನ್ನು ಎರಡು ಚಿಟಿಕೆಯಷ್ಟು ಉಳಿದಿತ್ತು. ಚಾಪೆಯ ಅಂಚಿನಲ್ಲಿ ಒಂದು ಬೀಜ. ಅತ್ತೆ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಬೆರಳು ನೋಡುತ್ತಿದ್ದೆ, ಮಕ್ಕಳಿಬ್ಬರೂ ಗೋಡೆಗೆ ಒರಗಿ ಉಸಿರು ಬಿಗಿಹಿಡಿದಿದ್ದರು. ಅತ್ತೆ ಕೈ ಎತ್ತಿ ಬೀಳಿಸಿದರು. ನನಗೆ ಕೇಳಿತು. ಅವರ ಬೆರಳೂ ಅಲುಗಿತು. ಆದರೂ ಇಬ್ಬರೂ ಬಗ್ಗಿ, ಛರ್ರಾ ಕಣ್ಣಾರೆ ಕಾಣುವ ತನಕ, ಬೀಜಕ್ಕೆ ಕೈ ಹಚ್ಚಲಿಲ್ಲ.